ಭಾವನ ವಿಂಚು, ನನ್ನ ಭೌತಶಾಸ್ತ್ರ

ನಮ್ಮ ಭಾವನವರಿಗೆ ದೇವರ ಮೇಲೆ ನಂಬಿಕೆಯಿತ್ತು. ಹಗ್ಗದ ಮೇಲೆ ಇರಲಿಲ್ಲ. ದೇವಸ್ಥಾನಕ್ಕೆ ಹೋದರೆ ಎಲ್ಲರೂ ಗಂಟೆ ಬಾರಿಸಿ ಕಣ್ಣು ಮುಚ್ಚುತ್ತಾರೆ. ಇವರು ಮೊದಲು ಕತ್ತೆತ್ತಿ ಗಂಟೆಯ ಸರಪಳಿಯನ್ನು ನೋಡುವರು, ಅದು ನೇತುಬಿದ್ದಿರುವ ಕೊಂಡಿಯನ್ನು ನೋಡುವರು, ಆಮೇಲೆ ಒಂದು ಮಾರು ಪಕ್ಕಕ್ಕೆ ಸರಿದು, ಕೈ ಚಾಚಿ, ಗಂಟೆಯನ್ನು ಓರೆಯಾಗಿ ಒಂದು ಸಲ ಮುಟ್ಟಿ, ಕಣ್ಣು ಬಿಟ್ಟುಕೊಂಡೇ ಕೈಮುಗಿಯುವರು. "ಯಾಕೆ ಭಾವ, ದೇವರ ಎದುರಿಗಾದರೂ ಸ್ವಲ್ಪ ಧೈರ್ಯ ಬೇಡವೇ?" ಎಂದು ನಾನು ಛೇಡಿಸಿದರೆ, "ದೇವರು ಒಳಗವ್ನೆ ಕಣಯ್ಯ. ಗಂಟೆ ನನ್ನ ತಲೆ ಮ್ಯಾಲದೆ" ಎನ್ನುವರು.

ಇಂಥವರು ಹೊಟ್ಟೆಪಾಡಿಗೆ ಯಾವ ಕಸುಬು ಹಿಡಿಯಬೇಕಾಗಿತ್ತು, ನೀವೇ ಹೇಳಿ! ಯಾವುದಾದರೂ ಕಚೇರಿಯ ನೆಲಮಾಳಿಗೆಯಲ್ಲಿ, ಮೇಲೆ ಏನೂ ನೇತಾಡದ ಜಾಗದಲ್ಲಿ, ಒಂದು ಮೇಜು ಕುರ್ಚಿ ಹಾಕಿಕೊಂಡು ಕೂರಬಹುದಿತ್ತು. ಅದು ಬಿಟ್ಟು ಅವರು ಆರಿಸಿಕೊಂಡದ್ದು ಬಾವಿಗೆ ಬೋರು ಕೊರೆಯುವ ಕೆಲಸವನ್ನು. ಎಂದರೆ ಮನುಷ್ಯರನ್ನು ಬುಟ್ಟಿಯಲ್ಲಿ ಕೂರಿಸಿ, ಹಗ್ಗ ಕಟ್ಟಿ, ನಲವತ್ತು ಅಡಿ ಕೆಳಕ್ಕೆ ಇಳಿಸಿ, ಬಾವಿಯ ತಳದಲ್ಲಿ ಬಂಡೆ ಕೊರೆಸಿ, ಸಂಜೆಗೆ ಮತ್ತೆ ಮೇಲೆತ್ತುವ ಕೆಲಸ. ಹಗ್ಗವನ್ನು ನಂಬದ ಮನುಷ್ಯ ದಿನವೆಲ್ಲ ಹಗ್ಗದ ಜೊತೆಯಲ್ಲೇ ಬಾಳುವೆ ಮಾಡುತ್ತಿದ್ದರು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲ ಅದು. ನಾನು ಚಾಮರಾಜಪುರದಲ್ಲಿ ಮನೆ ಮಾಡಿಕೊಂಡು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ. ಸರಳ ಯಂತ್ರಗಳು ಎಂಬ ಪಾಠವನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಇಡೀ ಮೈಸೂರಿನಲ್ಲಿ ಇಲ್ಲವೆಂದು ನನ್ನ ನಂಬಿಕೆ. ಸನ್ನೆ, ರಾಟೆ, ಅಚ್ಚುಗಾಲಿ, ಎಲ್ಲವನ್ನೂ ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಬಾಣದ ಗುರುತು ಹಾಕಿ, ಮಣಗಟ್ಟಲೆ ಭಾರವನ್ನು ಎರಡು ಬೆರಳಿನಲ್ಲಿ ಎತ್ತಿಬಿಡುತ್ತಿದ್ದೆ. ನಿಜವಾದ ರಾಟೆಯನ್ನು ಮುಟ್ಟಿದವನಲ್ಲ. ಮನೆಯ ಬಾವಿಯಿಂದ ನೀರು ಸೇದುವುದು ನನ್ನ ಹೆಂಡತಿ.

ಭಾವನವರು ನಮ್ಮ ಮನೆಗೆ ಬಂದ ಬಗೆಯೇ ವಿಚಿತ್ರ. ನನ್ನ ಅಕ್ಕನನ್ನು ನೋಡುವುದಕ್ಕೆ ಬಂದಿದ್ದರು. ಅಪ್ಪ ಆದರದಿಂದ ನಡುಮನೆಯ ಉಯ್ಯಾಲೆ ಮಣೆಯ ಮೇಲೆ ಕೂರಿಸಲು ಹೋದರೆ, ಗಂಡು ಕೂರಲಿಲ್ಲ. ತಲೆ ಹಿಂದಕ್ಕೆ ಬಾಗಿಸಿ ತೊಲೆಯನ್ನೇ ನೋಡುತ್ತ ನಿಂತಿತು. ಅಕ್ಕ ತಟ್ಟೆ ಹಿಡಿದು ಬಂದಳು; ಇವರು ತೊಲೆ ನೋಡುತ್ತಿದ್ದರು. ಅಕ್ಕ ಕೆಮ್ಮಿದಳು, ತೊಲೆ ನೋಡುತ್ತಿದ್ದರು. ಕೊನೆಗೆ ಗಂಡು ಬಾಯಿಬಿಟ್ಟು ಕೇಳಿದ ಮೊದಲ ಮಾತು, "ಒಂದು ಏಣಿ ಸಿಕ್ತದಾ?" ಏಣಿ ಹತ್ತಿ ನೋಡಿದರೆ, ಉಯ್ಯಾಲೆಯ ಕೊಂಡಿ ಸವೆದು ಸವೆದು ಬಳೆಯಷ್ಟು ತೆಳ್ಳಗಾಗಿತ್ತು! ಅದೇ ಮಣೆಯ ಮೇಲೆ ಅಪ್ಪ ದಿನವೂ ಊಟವಾದ ಮೇಲೆ ಮಲಗುತ್ತಿದ್ದರು. ಅಪ್ಪನಿಗೆ ಒಂದು ಕಡೆ ಕೋಪ, ಒಂದು ಕಡೆ ಬೆವರು. ಸಂಬಂಧ ಅಲ್ಲಿಯೇ ಗಟ್ಟಿಯಾಯಿತು. "ನನ್ನನ್ನ ನೋಡಿದ್ದು ಕೊಂಡಿ ನೋಡಿದ ಮೇಲೆ ಕಣೋ. ಅದೂ ಏಣಿ ಇಳಿಯೋವಾಗ" ಎಂದು ಅಕ್ಕ ಮೂವತ್ತು ವರ್ಷ ಹೇಳಿಕೊಂಡು ತಿರುಗಿದಳು.

ಅವರ ಬಳಿ ಒಂದು ವಿಂಚು, ಎಂದರೆ ಭಾರ ಎತ್ತಿಳಿಸುವ ಯಂತ್ರ, ಇತ್ತು. ಯಾವುದೋ ಕಾಮಗಾರಿ ಮುಗಿದು ಗುಜರಿಗೆ ಬಿದ್ದಿದ್ದನ್ನು ತಂದು, ಆರು ತಿಂಗಳು ಅರ ಹಿಡಿದು ಉಜ್ಜಿ, ಪ್ರಾಣ ಬರಿಸಿದ್ದರು. ಹಗ್ಗ ಸುತ್ತಿಕೊಳ್ಳುವ ದಪ್ಪ ಉರುಳೆ, ಅದನ್ನು ತಿರುಗಿಸಲು ಎರಡು ಕಡೆಯೂ ಹಿಡಿ. ಉರುಳೆಯ ಪಕ್ಕದಲ್ಲಿ ಒಂದು ಹಲ್ಲುಗಾಲಿ. ಅದರ ಮೇಲೆ ಒರಗಿಕೊಂಡ ಕಬ್ಬಿಣದ ಕೊಕ್ಕೆ. ಬುಟ್ಟಿಯನ್ನು ಮೇಲಕ್ಕೆ ಎಳೆಯುವಾಗ ಕೊಕ್ಕೆ ಒಂದೊಂದೇ ಹಲ್ಲಿನ ಮೇಲೆ ಟಕ್ ಟಕ್ ಎಂದು ಬೀಳುತ್ತ ಹೋಗುತ್ತದೆ. ಕೈ ಜಾರಿದರೂ ಕೊಕ್ಕೆ ಹಲ್ಲಿಗೆ ಸಿಕ್ಕಿ ಉರುಳೆ ಹಿಂದಕ್ಕೆ ತಿರುಗುವುದಿಲ್ಲ. ಇದು ಮೊದಲ ಕಾವಲು. ಇಳಿಸುವಾಗ ಕೊಕ್ಕೆ ಎತ್ತಲೇಬೇಕಲ್ಲ. ಆಗ ಉರುಳೆಗೆ ಸುತ್ತಿದ ಚರ್ಮದ ಪಟ್ಟಿಯನ್ನು ಒಬ್ಬ ಆಳು ಸನ್ನೆಗೋಲಿನಿಂದ ಬಿಗಿಹಿಡಿದು ನಿಧಾನ ಮಾಡುತ್ತಾನೆ. ಅದು ಬ್ರೇಕು, ಎರಡನೆಯ ಕಾವಲು. ಲೋಕದ ಎಲ್ಲ ವಿಂಚುಗಳಿಗೂ ಇಷ್ಟು ಸಾಕು. ಭಾವನವರಿಗೆ ಸಾಕೇ? ಉರುಳೆಯ ಬದಿಗೆ ಎರಡು ಕಬ್ಬಿಣದ ರೆಕ್ಕೆಗಳನ್ನು ಕೀಲು ಹಾಕಿ ಕೂರಿಸಿದ್ದರು. ಉರುಳೆ ನಿಧಾನವಾಗಿ ತಿರುಗಿದರೆ ರೆಕ್ಕೆ ಮಡಿಚಿಕೊಂಡೇ ಇರುತ್ತದೆ. ರಭಸವಾಗಿ ತಿರುಗಿದರೆ ಹೊರಕ್ಕೆ ಚಿಮ್ಮಿ ಒಂದು ಕಂಬಕ್ಕೆ ಸಿಕ್ಕಿ ಎಲ್ಲವನ್ನೂ ನಿಲ್ಲಿಸಬೇಕು. ಇದು ಅವರದೇ ತಲೆಯಲ್ಲಿ ಹುಟ್ಟಿದ ಮೂರನೆಯ ಕಾವಲು.

ನಾನು ಬಿಡುತ್ತೇನೆಯೇ? ಕಾಗದ ಪೆನ್ಸಿಲು ತಂದು, ಕೇಂದ್ರಾಪಗಾಮಿ ಬಲದ ಸೂತ್ರ ಹಾಕಿ, ಒಂದು ಪುಟ ಲೆಕ್ಕ ಮಾಡಿ, ಈ ರೆಕ್ಕೆಗಳು ಚಿಮ್ಮುವ ಹೊತ್ತಿಗೆ ಬುಟ್ಟಿ ನೆಲ ಮುಟ್ಟಿ, ಬುಟ್ಟಿಯಲ್ಲಿದ್ದವನ ತಿಥಿಯೂ ಮುಗಿದಿರುತ್ತದೆ ಎಂದು ಸಾಧಿಸಿ ತೋರಿಸಿದೆ. ಭಾವನವರು ಕಾಗದವನ್ನು ತಲೆಕೆಳಗಾಗಿಯೂ ಒಮ್ಮೆ ನೋಡಿ, "ಚೆನ್ನಾಗದೆ. ನಿನ್ನ ಅಕ್ಷರ ಬೋ ಮುದ್ದಾಗದೆ" ಎಂದು ಮಡಚಿ ಜೇಬಿಗೆ ಇಟ್ಟುಕೊಂಡರು. ರೆಕ್ಕೆಗಳನ್ನು ಬಿಚ್ಚಲಿಲ್ಲ.

ಅವರಿಗೊಂದು ಪದ್ಧತಿಯಿತ್ತು, ಅದರಿಂದಾಗಿ ಮೈಸೂರಿನ ಅರ್ಧ ದೊಡ್ಡಮನುಷ್ಯರು ಅವರ ಹೆಸರೆತ್ತಿದರೆ ಬೆವರುತ್ತಿದ್ದರು. ಯಾರ ಮನೆಯ ಬಾವಿಯೇ ಆಗಲಿ, ತಮ್ಮ ಆಳು ಇಳಿಯುವ ಮುಂಚೆ ಮನೆಯ ಯಜಮಾನ ಬುಟ್ಟಿಯಲ್ಲಿ ಕೂರಬೇಕು. ಅವನನ್ನು ಬಾವಿಯೊಳಕ್ಕೆ ಒಂದಾಳುದ್ದ ಇಳಿಸಿ, ಕೊಕ್ಕೆಯನ್ನು ಹಲ್ಲಿನ ಮೇಲೆ ಬಿಟ್ಟು, ಎರಡು ಗೇಣು ಮೇಲೆಳೆದು, ಭಾವನವರು "ಕೈ ಬುಡ್ರೋ!" ಎನ್ನುವರು. ಎಲ್ಲರೂ ಹಿಡಿ ಬಿಟ್ಟು ಕೈ ಮೇಲೆತ್ತುವರು. ಬುಟ್ಟಿ ಅರ್ಧ ಬೆರಳು ಕುಸಿದು ಠಕ್ಕನೆ ನಿಲ್ಲುವುದು. ಯಜಮಾನನ ಎದೆಯೂ ನಿಂತು ಮತ್ತೆ ಶುರುವಾಗುವುದು. ಅಷ್ಟಾದ ಮೇಲೆಯೇ ಆಳು ಇಳಿಯುವುದು. ಕೂರುವುದಿಲ್ಲ ಎಂದವರ ಮನೆಯಿಂದ ವಿಂಚನ್ನು ಗಾಡಿಗೆ ಹೇರಿಕೊಂಡು ವಾಪಸು.

ಒಬ್ಬ ವಕೀಲರು ಈ ಪದ್ಧತಿಗೆ ಕಾನೂನಿನಲ್ಲಿ ಆಧಾರವೇ ಇಲ್ಲವೆಂದು ಅಂಗಳದಲ್ಲಿ ಅರ್ಧ ಗಂಟೆ ವಾದಿಸಿದರು. ಭಾವನವರು ತಾಳ್ಮೆಯಿಂದ ಕೇಳಿ, "ಎಲ್ಲಾ ಸರಿ ಸ್ವಾಮಿ. ನಿಮ್ಮನ್ನ ಇಳಿಸೋಕೆ ಭಯ ಆಗೋ ಹಗ್ಗದಲ್ಲಿ ನಮ್ಮ ಹುಡುಗನ್ನ ಎಂಗೆ ಇಳಿಸ್ಲಿ?" ಎಂದರು. ವಕೀಲರಿಗೆ ಅದಕ್ಕೆ ಸೆಕ್ಷನ್ನು ಸಿಗಲಿಲ್ಲ. ಪೇಟ, ಕೋಟು ಸಮೇತ ಬುಟ್ಟಿಯಲ್ಲಿ ಕುಳಿತರು. ಯಾತಕ್ಕೋ ಏನೋ, ಕೊಡೆಯನ್ನೂ ಬಿಚ್ಚಿ ಹಿಡಿದುಕೊಂಡರು. ಠಕ್ಕೆಂದು ನಿಂತಾಗ ಅವರ ಬಾಯಿಂದ ಹೊರಟ ಮಾತು ಕೋರ್ಟಿನಲ್ಲಿ ಆಡುವಂಥದ್ದಲ್ಲ. ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಮಾತ್ರ, "ಸರಿಯಾಗಿ ಕಾಣಲಿಲ್ಲ, ಇನ್ನೊಂದು ಸಲ ಬೀಳಿಸ್ತೀರಾ?" ಎಂದು ಕೇಳಿದರಂತೆ.

ಆ ವಕೀಲರ ಕಥೆ ಹೇಳಿ ಹೇಳಿ ನಕ್ಕವನು ನಾನು. ಮರುವರ್ಷ ಬೇಸಗೆಯಲ್ಲಿ ನಮ್ಮ ಬಾವಿಯೂ ಬತ್ತಿತು. ನಲ್ಲಿಯಲ್ಲಿ ಬೆಳಿಗ್ಗೆ ಒಂದು ಗಳಿಗೆ ದಾರದಷ್ಟು ನೀರು. ಬಾವಿಯ ತಳದಲ್ಲಿ ಬೋರು ಹಾಕಿಸಲೇಬೇಕಾಯಿತು. ಸ್ವಂತ ಭಾಮೈದನಿಗಾದರೂ ರಿಯಾಯಿತಿ ಸಿಕ್ಕೀತೆಂದು ಹಲ್ಲುಕಿರಿದೆ. "ರಿಯಾಯ್ತಿ ಇಲ್ದೆ ಏನು? ಇಬ್ಬರು ಸಾಲ್ದು, ಇನ್ನೂ ಎರಡು ಆಳು ಜಾಸ್ತಿ ಹಿಡಿಸ್ತೀನಿ. ನಿನ್ನ ತೂಕ ನೋಡ್ಬೇಕಲ್ಲ" ಎಂದರು. ಬುಟ್ಟಿಯಲ್ಲಿ ಕುಳಿತೆ. ನಿಜ ಮುಚ್ಚಿಡುವುದೇಕೆ, "ಕೈ ಬುಡ್ರೋ" ಎಂದಾಗ ನಾನು ಕಿರುಚಿದ ರಭಸಕ್ಕೆ ಪಕ್ಕದ ಬೀದಿಯವರೂ ಬಂದು ಗುಂಪು ಕೂಡಿದರು. ಮೇಲೆ ಬಂದವನು, ಬಾವಿಯಲ್ಲಿ ಪ್ರತಿಧ್ವನಿ ಹೇಗಿದೆಯೆಂದು ಪರೀಕ್ಷೆ ಮಾಡಿದೆ ಎಂದು ಗಂಭೀರವಾಗಿ ತಿಳಿಸಿದೆ. ಅದನ್ನು ನಂಬಿದವರು ಯಾರೂ ಇರಲಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ವಿಂಚಿಗೆ ಒಂದು ಹಲಗೆ ಹೊಡೆದಿದ್ದರು. ಅದರ ಮೇಲೆ ಕೆಂಪು ಬಣ್ಣದಲ್ಲಿ: "ಮೇಲೆಳೆಯುವಾಗ ಕೊಕ್ಕೆ ಎತ್ತಿದವನು ಈ ಹಿಡಿಯನ್ನು ಮತ್ತೆ ಮುಟ್ಟತಕ್ಕದ್ದಲ್ಲ." ಬರಿಯ ಬೆದರಿಕೆಯಲ್ಲ ಅದು. ಅವರ ಒಡಹುಟ್ಟಿದ ತಮ್ಮನೇ ಒಂದು ದಿನ ಟಕ್ ಟಕ್ ಸದ್ದಿಗೆ ತಲೆನೋವೆಂದು ಕೊಕ್ಕೆ ಎತ್ತಿಬಿಟ್ಟ. ಏನೂ ಅನಾಹುತವಾಗಲಿಲ್ಲ. ಆದರೂ ಅವತ್ತೇ ಅವನನ್ನು ಕಳಿಸಿದರು. ಅವನು ಈಗಲೂ ಸೈಕಲ್ ಅಂಗಡಿ ಇಟ್ಟುಕೊಂಡಿದ್ದಾನೆ. "ತಮ್ಮ ಅಲ್ಲವೇ ಭಾವ?" ಎಂದರೆ, "ತಮ್ಮ ಅಂತ ಹಗ್ಗಕ್ಕೆ ಗೊತ್ತಾಯ್ತದಾ?" ಎಂದರು. ಎರಡು ಹಿಡಿಗಳಲ್ಲಿ ಒಂದನ್ನು ಸದಾ ತಾವೇ ಹಿಡಿಯುತ್ತಿದ್ದರು. ಆಳುಗಳಿಗೆ ಭಾವನವರು ಗೌಡರು. ಗೌಡರ ಕೈ ಹಿಡಿಯ ಮೇಲಿದ್ದರೆ ಮಾತ್ರ ಇಳಿಯುತ್ತೇವೆ ಎನ್ನುವ ಆಳುಗಳಿದ್ದರು. ಭಾವನವರಿಗೂ ಅಷ್ಟೇ, ಹಿಡಿ ಕೈಯಲ್ಲಿದ್ದಾಗ ಮಾತ್ರ ಹಣೆಯ ಗಂಟು ಸಡಿಲವಾಗುತ್ತಿತ್ತು. ಮೇಲೆ ಬಂದ ಆಳಿನ ತಲೆ ಬಾವಿಯ ಕಟ್ಟೆಗೆ ಕಾಣಿಸಿದಾಗ ಅವರು ಮಗು ನಗುವ ಹಾಗೆ ನಗುತ್ತಿದ್ದರು.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ಅವತ್ತು ಭಾನುವಾರ. ನಮ್ಮ ಬಾವಿಯ ತಳದ ಬಂಡೆಯಲ್ಲಿ ಕೊರೆಯುವ ಉಳಿ ಸಿಕ್ಕಿಹಾಕಿಕೊಂಡಿತ್ತು. ನೋಡಿ ಬಿಡಿಸಲು ಭಾವನವರೇ ಇಳಿದರು. ಇಳಿಯುವ ಮುಂಚೆ ನನ್ನ ಕಡೆ ತಿರುಗಿ, "ನೀನು ಪಡಸಾಲೇಲಿ ಕೂತ್ಕೊ ಕಣಯ್ಯ. ಅದೇ ನೀನು ಮಾಡೋ ದೊಡ್ಡ ಸಹಾಯ" ಎಂದರು. ಹಿಡಿಗಳ ಹತ್ತಿರ ಇಬ್ಬರು ಆಳು, ಬ್ರೇಕಿನ ಹತ್ತಿರ ಸಿದ್ದಯ್ಯ. ಸಿದ್ದಯ್ಯ ಹಿನಕಲ್ಲಿನವನು, ಭಾವನವರ ಬಲಗೈ. ಅಕ್ಕ ಒಳಗೆ ನನ್ನ ಹೆಂಡತಿಯ ಜೊತೆ ಎಲ್ಲರಿಗೂ ಅಡುಗೆ ಮಾಡುತ್ತಿದ್ದಳು.

ಆ ಹೊತ್ತಿಗೆ ಸರಿಯಾಗಿ ನಮ್ಮ ಹೆಡ್ಮೇಷ್ಟರು ಬರಬೇಕೇ! ಬೀದಿಯಲ್ಲಿ ಹೋಗುತ್ತಿದ್ದವರು ಸದ್ದು ಕೇಳಿ ಒಳಗೆ ಬಂದರು. ವಿಂಚನ್ನು ಕಂಡು, "ಓಹೋ! ನಿಮ್ಮ ಪಾಠವೇ ಎದ್ದು ಬಂದು ನಿಂತಿದೆಯಲ್ಲಾ!" ಎಂದರು. ಅಷ್ಟೇ ಸಾಕಾಯಿತು, ನಾನು ನೆಲದಿಂದ ಎರಡಂಗುಲ ಮೇಲೆದ್ದೆ. ಕೆಳಗಿನಿಂದ ಹಗ್ಗ ಎರಡು ಸಲ ಅಲುಗಿತು, ಮೇಲೆಳೆಯಿರಿ ಎಂಬ ಸಂಜ್ಞೆ. ಆಳುಗಳು ತಿರುಗಿಸತೊಡಗಿದರು. ಟಕ್ ಟಕ್ ಟಕ್. ನಾನು ಅಚ್ಚುಗಾಲಿಯ ತತ್ವ ವಿವರಿಸತೊಡಗಿದೆ.

"ಏನಂದ್ರಿ? ಕೇಳಿಸ್ತಾ ಇಲ್ಲ" ಎಂದರು ಹೆಡ್ಮೇಷ್ಟರು.

ಗಂಟಲು ಏರಿಸಿದೆ. ಟಕ್ ಟಕ್ ಟಕ್. ಹೆಡ್ಮೇಷ್ಟರು ಕಿವಿಗೆ ಕೈ ಹಚ್ಚಿದರು. ನಾನು ಮೊದಲು ಸಿದ್ದಯ್ಯನಿಗೆ, "ನಿಂತುಕೊಂಡೇ ಇದ್ದಾರಲ್ಲಯ್ಯಾ, ಒಳಗಿಂದ ಒಂದು ಕುರ್ಚಿ ತಾ" ಎಂದೆ. "ಬ್ರೇಕು ಬುಟ್ಟು ಎಂಗೆ ಓಗ್ಲಿ ಮೇಷ್ಟ್ರೇ?" ಎಂದ. "ಎಳೆಯುವಾಗ ಬ್ರೇಕು ಯಾತಕ್ಕಯ್ಯಾ, ಕೊಕ್ಕೆ ಇದೆಯಲ್ಲ!" ಎಂದು ಶಾಸ್ತ್ರಬದ್ಧವಾಗಿ ಗದರಿಸಿದೆ. ಅವನು ಒಲ್ಲದ ಮನಸ್ಸಿನಿಂದ ಹೋದ. ಅವನು ಹೋದದ್ದೇ ತಡ, ಕೊಕ್ಕೆಯನ್ನು ಎತ್ತಿ ನನ್ನ ಹೆಗಲ ಮೇಲಿದ್ದ ವಲ್ಲಿಯಿಂದ ಮೇಲಕ್ಕೆ ಕಟ್ಟಿಬಿಟ್ಟೆ. ಸದ್ದು ನಿಂತಿತು. ಎಂಥ ಶಾಂತಿ! ಬಾವಿಯೊಳಗಿನಿಂದ ಭಾವನವರು ಏನೋ ಕೂಗಿದರು. ಕೊಕ್ಕೆ, ಕೊಕ್ಕೆ ಎಂದದ್ದು ನನಗೆ ಸ್ಪಷ್ಟವಾಗಿಯೇ ಕೇಳಿಸಿತು. "ಅವರ ಸ್ವಭಾವವೇ ಹಾಗೆ ಸಾರ್, ಸದಾ ಗಾಬರಿ" ಎಂದು ಹೆಡ್ಮೇಷ್ಟರಿಗೆ ತಿಳಿಸಿದೆ.

ಅಲ್ಲಿಗಾದರೂ ನಿಲ್ಲಿಸಿದೆನೇ? "ಹಿಡಿ ಎಷ್ಟು ಉದ್ದವೋ ಬಲ ಅಷ್ಟು ಕಡಿಮೆ ಸಾಕು ಸಾರ್. ನೋಡಿ, ಒಂದು ಕೈ ಸಾಕು" ಎಂದು ಒಬ್ಬ ಆಳನ್ನು ಪಕ್ಕಕ್ಕೆ ಸರಿಸಿ ಹಿಡಿಗೆ ಕೈ ಹಾಕಿದೆ. ಆ ಕಡೆಯವನಿಗೂ, "ನೀನೂ ಬಿಡಯ್ಯ" ಎಂದೆ. "ಬ್ಯಾಡಿ ಸ್ವಾಮಿ" ಎಂದು ಅವನು ಅರ್ಧ ಹಿಡಿದು ಅರ್ಧ ಬಿಟ್ಟ. ಬೋರ್ಡಿನ ಮೇಲೆ ಭಾರ ಎಂದು ಬರೆದು ಬಾಣ ಹಾಕುತ್ತೇನಲ್ಲ, ಆ ಭಾರ ನಿಜವಾಗಿ ಎಷ್ಟು ಭಾರವಾಗಿರುತ್ತದೆಂಬುದು ಆಗ ಗೊತ್ತಾಯಿತು. ಹಿಡಿ ನನ್ನ ಕೈಯನ್ನು ಕಿತ್ತೆಸೆದು ಗಿರ್ರನೆ ತಿರುಗಿತು. ಆ ಕಡೆಯವನು ಹಾರಿ ಹಿಂದಕ್ಕೆ ಬಿದ್ದ. ಬ್ರೇಕಿನ ಗೋಲನ್ನು ಹಿಡಿಯೋಣವೆಂದರೆ ಸುತ್ತುವ ಹಿಡಿಗಳ ನಡುವೆ ಕೈ ಹಾಕುವವರು ಯಾರು? ನನ್ನ ಭಾವ ಬಾವಿಗೆ ಬೀಳುತ್ತಿದ್ದರು. ನಾನು ನೋಡುತ್ತಿದ್ದೆ.

ಭಡಾರ್ ಎಂದು ಸದ್ದಾಯಿತು. ವಿಂಚು ಇಡಿಯಾಗಿ ನಡುಗಿ ನಿಂತಿತು. ರೆಕ್ಕೆ ಚಿಮ್ಮಿ ಕಂಬಕ್ಕೆ ಸಿಕ್ಕಿತ್ತು. ನಾನು ಒಂದು ಪುಟ ಲೆಕ್ಕ ಮಾಡಿ ಆಗುವುದಿಲ್ಲ ಎಂದು ಸಾಧಿಸಿದ್ದ ರೆಕ್ಕೆ!

ಕುರ್ಚಿ ಹೊತ್ತು ಬಂದ ಸಿದ್ದಯ್ಯ ಅದನ್ನು ಅಲ್ಲೇ ಎಸೆದು ಬ್ರೇಕಿಗೆ ಹಾರಿದ. ಮೂವರೂ ಸೇರಿ ಬುಟ್ಟಿಯನ್ನು ಮೇಲೆಳೆದರು. ಭಾವನವರ ತಲೆ ಕಟ್ಟೆಗೆ ಕಾಣಿಸಿತು. ಹಣೆ ಒಡೆದು ರಕ್ತ ಇಳಿಯುತ್ತಿತ್ತು, ಬಲಭುಜ ಜೋತುಬಿದ್ದಿತ್ತು. ಬುಟ್ಟಿಯಿಂದ ಕಾಲು ಹೊರಗಿಟ್ಟವರು ಮೊದಲು ನೋಡಿದ್ದು ಕೊಕ್ಕೆಯನ್ನು. ಅದಕ್ಕೆ ಕಟ್ಟಿದ್ದ ವಲ್ಲಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕ ಓಡಿಬರುವ ಹೆಜ್ಜೆ ಸದ್ದು ಕೇಳಿಸಿತು. ಭಾವನವರು ಎಡಗೈಯಿಂದ ಸರ್ರನೆ ವಲ್ಲಿಯನ್ನು ಬಿಚ್ಚಿ, ಮುದ್ದೆ ಮಾಡಿ, ಹಣೆಗೆ ಒತ್ತಿಕೊಂಡರು.

"ಟಕ್ ಟಕ್ ನಿಂತಿದ್ದು ಒಳಗೆ ಕೇಳಿಸ್ತು ನಂಗೆ!" ಅಕ್ಕ ಸೌಟು ಹಿಡಿದೇ ಓಡಿಬಂದಿದ್ದಳು. "ಯಾರು ಕೊಕ್ಕೆ ಎತ್ತಿದ್ದು? ಯಾರು ಅವನು?"

ನಾನು ಹೆಡ್ಮೇಷ್ಟರ ಹಿಂದಕ್ಕೆ ಸರಿದುಕೊಂಡೆ.

"ನಾನೇ ಕಣೆ" ಎಂದರು ಭಾವನವರು. "ಎಣ್ಣೆ ಬುಡಾನ ಅಂತ ಕೊಕ್ಕೆ ಸಡಿಲ ಮಾಡಿದ್ದೆ. ಇಳಿಯೋವಾಗ ಬಿಗಿ ಮಾಡೋದು ಮರ್ತುಬುಟ್ಟೆ. ಅರ್ಧ ದಾರೀಲಿ ಎದ್ದುಬುಟ್ಟದೆ."

"ನೀವಾ?" ಅಕ್ಕ ನಂಬಲಿಲ್ಲ. ಸಿದ್ದಯ್ಯನ ಕಡೆ ತಿರುಗಿದಳು. "ಹೌದೇನಯ್ಯಾ?"

ಸಿದ್ದಯ್ಯ ತಾನು ಎಸೆದ ಕುರ್ಚಿಯನ್ನು ನೋಡಿದ. "ಊಂ ಕಣವ್ವಾ. ಗೌಡ್ರೇ ಮಾಡಿದ್ದು." ಇಬ್ಬರು ಆಳುಗಳೂ ತಲೆ ಅಲ್ಲಾಡಿಸಿದರು. ಹೋಂವರ್ಕು ಮಾಡದೆ ಸುಳ್ಳು ಹೇಳಿದರೆ ಬೆಂಚಿನ ಮೇಲೆ ನಿಲ್ಲಿಸುವ ನಮ್ಮ ಹೆಡ್ಮೇಷ್ಟರು ಕೂಡ ಗಂಟಲು ಸರಿಮಾಡಿಕೊಂಡು, "ಹೌದಮ್ಮಾ, ಹಾಗೇ ಕಾಣುತ್ತೆ" ಎಂದರು.

"ಲೋಕಕ್ಕೆಲ್ಲಾ ಬುದ್ಧಿ ಹೇಳ್ತೀರಲ್ರೀ! ಮಕ್ಕಳು ಮರಿ ಇಲ್ವಾ ನಿಮಗೆ?" ಎಂದು ಅಕ್ಕ ಅಳುತ್ತಲೇ ಬೈಯತೊಡಗಿದಳು. ಅವರು ತಲೆ ತಗ್ಗಿಸಿ ಬೈಸಿಕೊಂಡರು. ಆಗ ನಾನೇನು ಮಾಡಿದೆ ಗೊತ್ತೇ? ಇದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. "ಹೌದು ಭಾವ, ಸ್ವಲ್ಪ ಎಚ್ಚರ ಇರಬೇಕು" ಎಂದೆ!

ಮಾರನೆಯ ದಿನ ಸ್ಕೂಲಿನಲ್ಲಿ ಬಿಡುವಿನ ವೇಳೆ ರೆಕ್ಕೆಯ ಲೆಕ್ಕವನ್ನು ಮತ್ತೆ ಮಾಡಿ ನೋಡಿದೆ. ಅಡಿ ಎಂದು ಹಿಡಿಯಬೇಕಾದ ಕಡೆ ಅಂಗುಲ ಹಿಡಿದಿದ್ದೆ. ಇದೇ ತಪ್ಪಿಗೆ ಎಷ್ಟು ಮಕ್ಕಳ ಕಿವಿ ಹಿಂಡಿದ್ದೆನೋ ಲೆಕ್ಕವಿಲ್ಲ. ಉಳಿದದ್ದು, ಭಾವನವರ ದೊಡ್ಡತನ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆಡ್ಮೇಷ್ಟರ ಎದುರು ನನ್ನ ಮಾನ ಉಳಿಸಿದರು, ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಹೆಡ್ಮೇಷ್ಟರು ಎಲ್ಲವನ್ನೂ ಕಣ್ಣಾರೆ ಕಂಡಿದ್ದರು. ಅವರ ಎದುರು ಉಳಿಯುವುದಕ್ಕೆ ನನ್ನ ಮಾನ ಎಲ್ಲಿತ್ತು? ಇಷ್ಟು ಸರಳವಾದ ತರ್ಕವೂ ವಿಜ್ಞಾನದ ಮೇಷ್ಟರಿಗೆ ಹೊಳೆಯಲಿಲ್ಲ.

ನಮ್ಮ ಬಾವಿಯಲ್ಲಿ ನೀರು ಬಂತು. ಎರಡು ಮೂರು ತಿಂಗಳು ಕಳೆಯಿತು. ಗೌರಿ ಹಬ್ಬ ಹತ್ತಿರವಾದಾಗ ಅಕ್ಕ ಭಾವ ಇಬ್ಬರನ್ನೂ ಕರೆಯಲು ಹೋದೆ. ಭಾವನವರು ಹಿನಕಲ್ಲಿನಲ್ಲಿ ಕೆಲಸದ ಮೇಲಿದ್ದಾರೆ ಎಂದಳು ಅಕ್ಕ. ಆಗ ಹಿನಕಲ್ ಎಂದರೆ ಊರಾಚೆಯ ಹಳ್ಳಿ. ಸೈಕಲ್ ತುಳಿದುಕೊಂಡು ಹೋದೆ. ಹೊಲದ ಬಾವಿಯ ಹತ್ತಿರ ವಿಂಚು ನಿಂತಿತ್ತು. ಒಂದು ಹಿಡಿಯ ಮೇಲೆ ಯಾರೋ ಹೊಸಬ ಇದ್ದ, ಇನ್ನೊಂದರ ಹತ್ತಿರ ಯಾರೂ ಇರಲಿಲ್ಲ. ಭಾವನವರು ಹತ್ತು ಮಾರು ದೂರದಲ್ಲಿ ಒಂದು ಕಲ್ಲಿನ ಮೇಲೆ ಕುಳಿತಿದ್ದರು. ಎರಡು ಕೈಗಳನ್ನೂ ತೊಡೆಯ ಮೇಲೆ ಇಟ್ಟುಕೊಂಡು, ಯಾರದೋ ಮನೆಗೆ ಬಂದ ನೆಂಟನ ಹಾಗೆ ಕುಳಿತಿದ್ದರು.

"ಭುಜ ಇನ್ನೂ ನೋಯುತ್ತದೆಯೇನಯ್ಯಾ ಅವರಿಗೆ?" ಎಂದು ಸಿದ್ದಯ್ಯನನ್ನು ಕೇಳಿದೆ.

"ಭುಜ ಯಾವತ್ತೋ ವಾಸಿ ಆಯ್ತು ಮೇಷ್ಟ್ರೇ. ವಿಂಚಿನ ಇಡಿ ಮುಟ್ಟಾಕಿಲ್ಲ ಅಂತಾರೆ. ಅವತ್ತಿಂದ ಒಂದು ದಿನಾನೂ ಮುಟ್ಟಿಲ್ಲ." ಹಲಗೆಯ ಕಡೆ ಗಲ್ಲ ಎತ್ತಿ ತೋರಿಸಿದ. "ಬೋಲ್ಡು ಓದು ಅಂತಾರೆ. ನಂಗೆ ಓದಾಕೆ ಬತ್ತದಾ?"

ನನಗೆ ಓದಲು ಬರುತ್ತಿತ್ತು. ಆ ಕೆಂಪು ಅಕ್ಷರಗಳನ್ನು ನಿಂತು ಓದಿದೆ. ಸಂಕಟವಾಯಿತು, ನಾಚಿಕೆಯಾಯಿತು. ನೇರವಾಗಿ ಭಾವನವರ ಎದುರಿಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ, "ಕೊಕ್ಕೆ ಕಟ್ಟಿದ್ದು ನಾನು! ಭಾವ ಅಲ್ಲ, ನಾನು!" ಎಂದು ಕೂಗಿಬಿಟ್ಟೆ.

"ಗೊತ್ತು ಬುಡಿ ಮೇಷ್ಟ್ರೇ, ನಾವೇನು ಕುರುಡ್ರಾ?" ಎಂದ ಸಿದ್ದಯ್ಯ.

ಭಾವನವರು ನಗಲಿಲ್ಲ. ಕಲ್ಲಿನ ಮೇಲೆ ಸ್ವಲ್ಪ ಸರಿದು ಜಾಗ ಕೊಟ್ಟರು. "ಕೂತ್ಕೊ. ನಿಮ್ಮಪ್ಪ ಅವ್ವ ಇಬ್ಬರೂ ತೀರ್ಕೊಂಡ್ರು. ಅವಳಿಗೆ ತವರು ಅಂತ ಇರೋದು ನಿನ್ನ ಬಾಗಿಲು ಒಂದೇ. ಮದ್ವೇಲಿ ಅರಿಶಿನ ಕುಂಕುಮ ಕೊಡೋದು ಮರೆತ್ಲು ಅಂತ ನಿಮ್ಮ ಚಿಕ್ಕಮ್ಮನ್ನ ಒಂಬತ್ತು ವರ್ಷದಿಂದ ಮಾತಾಡ್ಸಿಲ್ಲ ಅವಳು. ಗಂಡನ್ನ ಬಾವಿಗೆ ಬೀಳ್ಸಿದವನ ಕೈಯಿಂದ ಬಾಗಿನ ಇಸ್ಕೊಂತಾಳಾ? ಗೌರಿ ಹಬ್ಬದ ದಿನ ಮೂಲೇಲಿ ಕೂತು ಅತ್ಕೊಂಡಿರ್ತಾಳೆ. ಅದನ್ನ ನಾನು ನೋಡ್ಲಾ?"

"ಸರಿ ಭಾವ, ಅಕ್ಕನಿಗೆ ಹೇಳುವುದು ಬೇಡ. ಆದರೆ ನೀವು ಹಿಡಿ ಮುಟ್ಟಿದರೆ ಏನಾಗುತ್ತದೆ?"

"ಎಂಥಾ ಮೇಷ್ಟ್ರಯ್ಯ ನೀನು! ನಾನು ನಿಯಮ ಮುರಿಯೋನಲ್ಲ ಅಂತ ಅವಳಿಗೆ ಗೊತ್ತು. ಒಡಹುಟ್ಟಿದೋನನ್ನೇ ಓಡ್ಸಿದೋನು ನಾನು. ಇಡಿ ಹಿಡಿದೆ ಅಂತ ಅವಳ ಕಿವಿಗೆ ಬಿದ್ದ ದಿನ, ಕೊಕ್ಕೆ ಎತ್ತಿದ್ದು ನಾನಲ್ಲ ಅಂತ ಗೊತ್ತಾಗೋಯ್ತದೆ. ಆಮೇಲೆ ಯಾರು ಅಂತ ಹುಡುಕ್ತಾಳೆ."

ಅವರ ಕೈಗಳನ್ನು ನೋಡಿದೆ. ಹಿಡಿ ಹಿಡಿದು ಹಿಡಿದು ಜಡ್ಡುಗಟ್ಟಿದ್ದ ಅಂಗೈ ಆಗಲೇ ಮೆತ್ತಗಾಗುತ್ತಿತ್ತು. ಎಷ್ಟು ಪ್ರಾಣಗಳನ್ನು ಮೇಲೆ ತಂದಿದ್ದ ಕೈ! ನನ್ನ ಅಕ್ಕನಿಗೆ ತವರು ಉಳಿಯಲೆಂದು ಅವರು ತಮ್ಮ ಕೈಯನ್ನೇ ಬಿಟ್ಟುಕೊಟ್ಟಿದ್ದರು.

ಭಾವನವರು ಎದ್ದರು. ಪಂಚೆ ಕೊಡವಿದರು. "ಇವತ್ತು ಒಬ್ಬ ಆಳಿಗೆ ಜ್ವರ. ಇನ್ನೊಂದು ಇಡಿ ಖಾಲಿ ಅದೆ. ಬಾ, ಹಿಡಿ."

"ನಾನೇ?"

"ನಿನ್ನ ಮ್ಯಾಲೆ ಏನು ನಿರ್ಬಂಧ? ಕೊಕ್ಕೆ ಎತ್ತಿದ್ದು ನಾನು. ನೀನು ಮುಟ್ಬೋದು."

ತಮಾಷೆಯೆಂದು ನಕ್ಕೆ. ನಕ್ಕು ಮುಗಿಸುವಷ್ಟರಲ್ಲಿ ಅವರು ಬುಟ್ಟಿಯಲ್ಲಿ ಕುಳಿತಾಗಿತ್ತು. "ಬೇಡ ಭಾವ, ಬೇರೆಯವರನ್ನು ಕರೆಯಿರಿ, ನನ್ನ ಕೈ ನಿಮಗೆ ಗೊತ್ತಲ್ಲ!" ಎಂದು ಅಂಗಲಾಚಿದೆ.

"ಗೊತ್ತಿರೋದ್ರಿಂದಲೇ ಕೂತಿರೋದು" ಎಂದರು. "ಒಂದ್ಸಲ ಜಾರಿಸಿದೋನು ಇನ್ನೊಂದ್ಸಲ ಜಾರ್ಸಾಕಿಲ್ಲ. ಊಂ, ಇಳ್ಸು."

ಎರಡು ಕೈಯಲ್ಲೂ ಹಿಡಿದೆ. ಸಿದ್ದಯ್ಯ ಬ್ರೇಕು ಬಿಗಿಹಿಡಿದು ಕೊಕ್ಕೆ ಎತ್ತಿದ. ಅವರ ತೂಕ ನನ್ನ ಅಂಗೈಗೆ ಬಂತು. ಒಂದು ಸುತ್ತು, ಇನ್ನೊಂದು ಸುತ್ತು. ಹಣೆಯ ಮೇಲೆ ನಾನು ಮಾಡಿದ ಗಾಯದ ಗುರುತು ಹೊತ್ತ ಆ ಮುಖ ಮೇಲಕ್ಕೆ, ನನ್ನ ಕಡೆಗೇ, ನೋಡುತ್ತ ನಿಧಾನವಾಗಿ ಬಾವಿಯ ಕತ್ತಲಿಗೆ ಇಳಿಯಿತು. ಅದರಲ್ಲಿ ಭಯದ ಸುಳಿವೇ ಇರಲಿಲ್ಲ. ನನ್ನ ಕಣ್ಣು ತುಂಬಿ ಧಾರೆಯಾಗಿ ಸುರಿಯತೊಡಗಿತು. ಒರೆಸಿಕೊಳ್ಳೋಣವೆಂದರೆ ಹಿಡಿಯಿಂದ ಕೈ ತೆಗೆಯುವಂತಿರಲಿಲ್ಲ.